ಟುಪಾಕ್ ಶಕೂರ್: ಪದೇ ಪದೇ ಕೇಳುವ ಪ್ರಶ್ನೆಗಳು

ಟುಪಾಕ್ ಬಗ್ಗೆ ಮಾತು ತೆಗೆದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೇ ಬರುತ್ತವೆ. ಪತ್ರದಲ್ಲಿ ಬಂದವು, ಕಾಮೆಂಟಿನಲ್ಲಿ ಬಂದವು, ಹರಟೆಯ ನಡುವೆ ಎದ್ದವು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ಒಂದು ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಇವನನ್ನು ದೇವರು ಮಾಡುವವರ ಜೊತೆಗೂ ನನಗೆ ತಕರಾರಿದೆ, ಬರೀ ರೌಡಿ ಎಂದು ತಳ್ಳಿಹಾಕುವವರ ಜೊತೆಗೂ ಇದೆ.

## ಮೊದಲ ಪರಿಚಯ

ಟುಪಾಕ್ ಅಂದ್ರೆ ಯಾರು? ಟೀ ಶರ್ಟ್ ಮೇಲೆ ಮುಖ ನೋಡಿದ್ದೀನಿ, ಅಷ್ಟೇ.

ಅಮೆರಿಕದ ರ‍್ಯಾಪರ್, ಕವಿ, ಸಿನಿಮಾ ನಟ. ಹುಟ್ಟಿದ್ದು 1971ರ ಜೂನ್ 16ರಂದು, ನ್ಯೂಯಾರ್ಕಿನ ಈಸ್ಟ್ ಹಾರ್ಲೆಮ್‌ನಲ್ಲಿ. ಸತ್ತಿದ್ದು 1996ರ ಸೆಪ್ಟೆಂಬರ್ 13ರಂದು, ಲಾಸ್ ವೇಗಸ್‌ನಲ್ಲಿ, ಗುಂಡೇಟಿನಿಂದ. ಆಗ ಅವನಿಗೆ 25 ವರ್ಷ. ಮೊದಲ ಆಲ್ಬಂ ಬಂದಿದ್ದು 1991ರ ನವೆಂಬರ್‌ನಲ್ಲಿ. ಲೆಕ್ಕ ಹಾಕಿ ನೋಡಿ, ಅಲ್ಲಿಂದ ಸಾವಿನವರೆಗೆ ಐದು ವರ್ಷ ಕೂಡ ತುಂಬುವುದಿಲ್ಲ. ಅಷ್ಟರೊಳಗೆ ನಾಲ್ಕು ಸ್ವಂತ ಆಲ್ಬಂ, ಗೆಳೆಯರ ಗುಂಪಿನ ಜೊತೆ ಇನ್ನೊಂದು, ಹಲವು ಸಿನಿಮಾ, ಸಾಲು ಸಾಲು ಕೇಸು, ಒಂದು ಜೈಲುವಾಸ. ಪ್ರಪಂಚದಲ್ಲಿ ಅವನ ರೆಕಾರ್ಡುಗಳು 7.5 ಕೋಟಿಗೂ ಜಾಸ್ತಿ ಮಾರಾಟವಾಗಿವೆ ಎಂಬ ಅಂದಾಜಿದೆ.

ಈ ಹೆಸರು ಎಲ್ಲಿಂದ ಬಂತು? ಅಮೆರಿಕದ ಹೆಸರಿನ ಹಾಗಿಲ್ವಲ್ಲ.

ಹುಟ್ಟಿದಾಗ ಇಟ್ಟ ಹೆಸರು ಲೆಸೇನ್ ಪ್ಯಾರಿಶ್ ಕ್ರುಕ್ಸ್. ಒಂದು ವರ್ಷದ ಮಗುವಾಗಿದ್ದಾಗ ಅಮ್ಮ ಅದನ್ನು ಬದಲಿಸಿ ಟುಪಾಕ್ ಅಮಾರು ಎಂದು ಕರೆದಳು. ಎರಡನೇ ಟುಪಾಕ್ ಅಮಾರು ಪೆರು ದೇಶದ ಮೂಲನಿವಾಸಿಗಳ ನಾಯಕ. 1780ರಲ್ಲಿ ಸ್ಪೇನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದ. ಮರುವರ್ಷ ಕುಸ್ಕೋ ಊರಿನಲ್ಲಿ ಅವನನ್ನು ಕೊಂದರು. ಶಕೂರ್ ಎಂಬುದು ನ್ಯೂಯಾರ್ಕಿನ ಕಪ್ಪು ಜನರ ಚಳವಳಿಯಲ್ಲಿ ಹಲವರು ಇಟ್ಟುಕೊಂಡಿದ್ದ ಮನೆತನದ ಹೆಸರು. ದಂಗೆಕೋರನ ಹೆಸರು ಹೊತ್ತು ಬೆಳೆದ ಹುಡುಗ ಅವನು, ಇದನ್ನು ಮರೆಯಬೇಡಿ.

ಯಾವ ಹಾಡಿಂದ ಕೇಳೋಕೆ ಶುರು ಮಾಡ್ಲಿ?

'ಬ್ರೆಂಡಾಸ್ ಗಾಟ್ ಅ ಬೇಬಿ'ಯಿಂದ ಶುರು ಮಾಡಿ. 12 ವರ್ಷದ ಹುಡುಗಿಯೊಬ್ಬಳು ಬಸುರಾಗಿ, ಹೆತ್ತು, ಯಾರೂ ಕೈಹಿಡಿಯದೆ ಬೀದಿಗೆ ಬೀಳುವ ಕಥೆ. ಪತ್ರಿಕೆಯ ಸುದ್ದಿಯೊಂದನ್ನು ಓದಿ ಬರೆದದ್ದು. ಆಮೇಲೆ 1993ರ 'ಕೀಪ್ ಯಾ ಹೆಡ್ ಅಪ್', 1995ರ 'ಡಿಯರ್ ಮಾಮಾ'. ಇವು ಮೂರೂ ಹಿಡಿಸಿದರೆ 'ಮಿ ಅಗೇನ್ಸ್ಟ್ ದ ವರ್ಲ್ಡ್' ಆಲ್ಬಂ ಪೂರ್ತಿ ಕೇಳಿ. ನನ್ನ ಮಟ್ಟಿಗೆ ಅವನ ಅತಿ ಒಳ್ಳೆಯ ಕೆಲಸ ಅದೇ. ಹೆಚ್ಚಿನವರು 'ಕ್ಯಾಲಿಫೋರ್ನಿಯಾ ಲವ್'ನಿಂದ ಶುರು ಮಾಡುತ್ತಾರೆ. ಕುಣಿಯೋಕೆ ಚೆನ್ನಾಗಿದೆ, ಆದರೆ ಅದರಲ್ಲಿ ಟುಪಾಕ್ ಕಾಲುಭಾಗ ಮಾತ್ರ ಸಿಗುತ್ತಾನೆ.

ಬೈಗುಳ ಜಾಸ್ತಿ ಅಂತಾರೆ. ಮನೇಲಿ ಮಕ್ಕಳ ಮುಂದೆ ಹಾಕಬಹುದಾ?

ಚಿಕ್ಕ ಮಕ್ಕಳ ಮುಂದೆ ಬೇಡ. ಹೈಸ್ಕೂಲಿನ ಮಕ್ಕಳು ಹೇಗಿದ್ದರೂ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಲೇ ಇರುತ್ತಾರೆ. ಅವರ ಜೊತೆ ಕೂತು 'ಡಿಯರ್ ಮಾಮಾ' ಕೇಳಿ, ಮಾತಾಡಿ. ಸುಮ್ನೆ ಬೈದು ನಿಲ್ಲಿಸಿದರೆ ಅವರು ಕೇಳುವುದನ್ನು ಬಿಡುವುದಿಲ್ಲ, ನಿಮಗೆ ಹೇಳುವುದನ್ನು ಬಿಡುತ್ತಾರೆ.

## ಮನೆ, ಶಾಲೆ, ಬೀದಿ

ಅವನ ತಾಯಿ ಬಗ್ಗೆ ಎಲ್ಲರೂ ಅಷ್ಟು ಮಾತಾಡ್ತಾರಲ್ಲ, ಆಕೆ ಯಾರು?

ಅಫೇನಿ ಶಕೂರ್. ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ನ್ಯೂಯಾರ್ಕ್ ಘಟಕದ ಕಾರ್ಯಕರ್ತೆ. 1969ರ ಏಪ್ರಿಲ್‌ನಲ್ಲಿ ಆಕೆಯನ್ನೂ ಜೊತೆಗಾರರನ್ನೂ ಬಂಧಿಸಿದರು. ಪೊಲೀಸ್ ಠಾಣೆ, ಅಂಗಡಿಗಳಿಗೆ ಬಾಂಬ್ ಇಡಲು ಸಂಚು ಮಾಡಿದರು ಎಂಬ ಆರೋಪ. 'ಪ್ಯಾಂಥರ್ 21' ಎಂದು ಹೆಸರಾದ ಮೊಕದ್ದಮೆ ಇದೇ. ಅಫೇನಿ ಕಾನೂನು ಓದಿದವಳಲ್ಲ. ಆದರೂ ವಕೀಲರನ್ನು ಬೇಡ ಎಂದು ತಾನೇ ವಾದಿಸಿದಳು, ಅದೂ ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು. ಪಕ್ಷದೊಳಗೆ ವೇಷ ಮರೆಸಿಕೊಂಡು ಸೇರಿದ್ದ ಪೊಲೀಸನನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳಿದಳು. 1971ರ ಮೇ ತಿಂಗಳಲ್ಲಿ 150ಕ್ಕೂ ಜಾಸ್ತಿ ಆರೋಪಗಳಲ್ಲಿ ಒಂದೂ ನಿಲ್ಲದೆ ಎಲ್ಲರೂ ಬಿಡುಗಡೆಯಾದರು. ಒಂದು ತಿಂಗಳ ನಂತರ ಟುಪಾಕ್ ಹುಟ್ಟಿದ.

ಮುಂದಿನ ಕಥೆ ಇಷ್ಟು ಹೆಮ್ಮೆಯದಲ್ಲ. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಆ ಪಕ್ಷವನ್ನು ಒಳಗಿನಿಂದಲೇ ಮುರಿಯಿತು. ಜೊತೆಗಾರರು ಕೆಲವರು ಸತ್ತರು, ಕೆಲವರು ಜೈಲು ಸೇರಿದರು, ಕೆಲವರು ತಲೆಮರೆಸಿಕೊಂಡರು. ಮಲತಂದೆ ಮುಟುಲು ಶಕೂರ್ ಎಫ್‌ಬಿಐಯ 'ಬೇಕಾದವರ' ಪಟ್ಟಿಯಲ್ಲಿದ್ದವನು. 1986ರಲ್ಲಿ ಸಿಕ್ಕಿಬಿದ್ದು ಬದುಕಿನ ಬಹುಭಾಗ ಜೈಲಿನಲ್ಲಿ ಕಳೆದ. ಅಫೇನಿ ಬಡತನಕ್ಕೆ ಬಿದ್ದಳು, ಆಮೇಲೆ ಕ್ರ್ಯಾಕ್ ಕೊಕೇನ್ ಚಟಕ್ಕೆ. ಮಗ ಮನೆಬಿಟ್ಟು ಹೋದ. ಅವಳು ಚಟದಿಂದ ಹೊರಬಂದಳು, ಇಬ್ಬರೂ ಮತ್ತೆ ಒಂದಾದರು. 'ಡಿಯರ್ ಮಾಮಾ'ದಲ್ಲಿ ಅವನು ಈ ಯಾವುದನ್ನೂ ಮುಚ್ಚಿಡುವುದಿಲ್ಲ. ಅಮ್ಮನನ್ನು ಹೊಗಳುವ ಹಾಡು ಎಲ್ಲ ಭಾಷೆಯಲ್ಲೂ ಬೇಕಾದಷ್ಟಿವೆ. ಅಮ್ಮನ ಚಟವನ್ನು ಹೇಳಿ, ಅದರ ಜೊತೆಗೇ ಅವಳನ್ನು ಗೌರವಿಸುವ ಹಾಡು ಎಷ್ಟಿವೆ ಹೇಳಿ? ಅಮೆರಿಕದ ಸಂಸತ್ತಿನ ಗ್ರಂಥಾಲಯ, ಅಂದರೆ ಲೈಬ್ರರಿ ಆಫ್ ಕಾಂಗ್ರೆಸ್, ಉಳಿಸಿಕೊಳ್ಳಬೇಕಾದ ಧ್ವನಿಮುದ್ರಣಗಳ ರಾಷ್ಟ್ರೀಯ ಪಟ್ಟಿಗೆ ಇದನ್ನು 2010ರಲ್ಲಿ ಸೇರಿಸಿತು.

ಮಗ ಸತ್ತ ಮೇಲೆ ಅವನ ಹಾಡುಗಳ ಹಕ್ಕನ್ನು ಕಾಪಾಡಿದ್ದೂ ಅಫೇನಿಯೇ. ಆಕೆ 2016ರ ಮೇ ತಿಂಗಳಲ್ಲಿ ತೀರಿಕೊಂಡಳು.

ನಮ್ಮ ದಲಿತ್ ಪ್ಯಾಂಥರ್ಸ್‌ಗೂ ಈ ಬ್ಲ್ಯಾಕ್ ಪ್ಯಾಂಥರ್ಸ್‌ಗೂ ಸಂಬಂಧ ಇದೆಯಾ?

ಇದೆ. ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ್ದು 1966ರಲ್ಲಿ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ. ಅದನ್ನು ನೋಡಿಯೇ ಮುಂಬೈಯ ದಲಿತ ಯುವಕರು, ನಾಮದೇವ್ ಢಸಾಳ್, ಜೆ.ವಿ. ಪವಾರ್, ರಾಜಾ ಢಾಲೆ ಮುಂತಾದವರು, 1972ರಲ್ಲಿ ತಮ್ಮ ಸಂಘಟನೆಗೆ ದಲಿತ್ ಪ್ಯಾಂಥರ್ಸ್ ಎಂದು ಹೆಸರಿಟ್ಟರು. ಅದೇ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿ ಬೆಳೆಯಿತು, ಹೋರಾಟದ ಹಾಡುಗಳು ಬೀದಿಗೆ ಬಂದವು. ಟುಪಾಕ್‌ಗೆ ಕರ್ನಾಟಕದ ಜೊತೆ ನೇರ ನಂಟೇನೂ ಇರಲಿಲ್ಲ. ಆದರೆ ನಮ್ಮ ದಲಿತ-ಬಂಡಾಯದ ಹಾಡು ಕೇಳಿ ಬೆಳೆದವರಿಗೆ ಅವನ ಸಿಟ್ಟು ಅಪರಿಚಿತ ಅನಿಸುವುದಿಲ್ಲ. ಊರು ಬೇರೆ, ಹೊಟ್ಟೆಯ ಉರಿ ಬೇರೆಯಲ್ಲ.

ಅವನು ನಿಜವಾಗ್ಲೂ ಬೀದಿ ಹುಡುಗನಾ, ಇಲ್ಲಾ ನಾಟಕ ಕಲಿತವನಾ? ಎರಡೂ ಹೇಳ್ತಾರೆ.

ಎರಡೂ ನಿಜ. 1984ರಲ್ಲಿ ಹಾರ್ಲೆಮ್‌ನ ಅಪೊಲೊ ಥಿಯೇಟರಿನಲ್ಲಿ 'ಅ ರೇಸಿನ್ ಇನ್ ದ ಸನ್' ನಾಟಕದಲ್ಲಿ ಬಾಲಕನ ಪಾತ್ರ ಮಾಡಿದ. ಮುಂದೆ ಬಾಲ್ಟಿಮೋರ್ ಸ್ಕೂಲ್ ಫಾರ್ ದ ಆರ್ಟ್ಸ್ ಸೇರಿ ನಟನೆ, ಕವಿತೆ, ಜಾಝ್, ಬ್ಯಾಲೆ ಎಲ್ಲ ಕಲಿತ. 'ನಟ್‌ಕ್ರ್ಯಾಕರ್' ಬ್ಯಾಲೆಯಲ್ಲಿ ಇಲಿಗಳ ರಾಜನಾಗಿ ಕುಣಿದ. ನಟಿ ಜೇಡಾ ಪಿಂಕೆಟ್ ಅಲ್ಲಿಯೇ ಗೆಳತಿಯಾದಳು. 1988ರಲ್ಲಿ ಮನೆಯವರು ಕ್ಯಾಲಿಫೋರ್ನಿಯಾದ ಮರಿನ್ ಸಿಟಿಗೆ ಹೋದಾಗ ಆ ಶಾಲೆ ತಪ್ಪಿತು. ಅಲ್ಲಿ ಸಿಕ್ಕಿದ್ದು ಬಡತನ, ಡ್ರಗ್ಸ್, ಯಾರ್ಯಾರದೋ ಮನೆಯಲ್ಲಿ ಮಲಗುವ ಬದುಕು. ಡಿಜಿಟಲ್ ಅಂಡರ್‌ಗ್ರೌಂಡ್ ಎಂಬ ತಂಡದಲ್ಲಿ ಸಾಮಾನು ಹೊರುವವನಾಗಿ, ಹಿಂದೆ ನಿಂತು ಕುಣಿಯುವವನಾಗಿ ಸೇರಿಕೊಂಡ. 1991ರಲ್ಲಿ ಅವರದೇ ಹಾಡಿನಲ್ಲಿ ಮೊದಲ ಬಾರಿ ದನಿ ಕೇಳಿಸಿದ.

ಅದೇ ವರ್ಷ ಓಕ್‌ಲ್ಯಾಂಡ್‌ನಲ್ಲಿ ರಸ್ತೆ ತಪ್ಪಾಗಿ ದಾಟಿದ ಎಂದು ಪೊಲೀಸರು ಹಿಡಿದು ಹೊಡೆದರು ಎಂಬುದು ಅವನ ದೂರು. ಒಂದು ಕೋಟಿ ಡಾಲರ್ ಪರಿಹಾರ ಕೇಳಿ ದಾವೆ ಹೂಡಿದ. ಕೊನೆಗೆ ಅದು 40 ಸಾವಿರ ಡಾಲರಿಗಿಂತ ಸ್ವಲ್ಪ ಜಾಸ್ತಿಗೆ ರಾಜಿಯಾಯಿತು.

1992ರ 'ಜ್ಯೂಸ್' ಸಿನಿಮಾ ನೋಡಿ. ಬಿಷಪ್ ಎಂಬ ಹುಡುಗನ ಪಾತ್ರದಲ್ಲಿ ಅವನ ಕಣ್ಣು ನೋಡಿದರೆ ಶಾಲೆಯ ತರಬೇತಿಯೂ ಬೀದಿಯ ಅನುಭವವೂ ಒಟ್ಟಿಗೆ ಕಾಣುತ್ತವೆ.

## ಕೇಸುಗಳು, ಜಗಳಗಳು

'ಥಗ್ ಲೈಫ್' ಅಂದ್ರೆ ರೌಡಿ ಬದುಕು ತಾನೆ? ಮೀಮ್‌ನಲ್ಲಿ ಬರುತ್ತಲ್ಲ.

ಮೀಮ್ ಬಂದಿದ್ದು ಬಹಳ ಆಮೇಲೆ. ಟುಪಾಕ್ ಇದನ್ನು ಹೊಟ್ಟೆಯ ಮೇಲೆ ಹಚ್ಚೆ ಹಾಕಿಸಿಕೊಂಡಿದ್ದ. ಎಳೆಯ ಮಕ್ಕಳಿಗೆ ಸಮಾಜ ಉಣಿಸುವ ದ್ವೇಷ ಕೊನೆಗೆ ಎಲ್ಲರನ್ನೂ ಹಾಳುಮಾಡುತ್ತದೆ ಎಂಬ ಅರ್ಥದ ವಾಕ್ಯವೊಂದರ ಮೊದಲಕ್ಷರಗಳು ಇವು ಎಂದು ಅವನು ವಿವರಿಸುತ್ತಿದ್ದ. 1992ರಲ್ಲಿ ಮಲತಂದೆ ಮುಟುಲು ಜೊತೆ ಸೇರಿ ಗ್ಯಾಂಗ್‌ಗಳಿಗೆ ಒಂದು ನಿಯಮಾವಳಿಯನ್ನೂ ಮಾಡಿದ. ಮಕ್ಕಳಿಗೆ, ಬಸುರಿಯರಿಗೆ ಡ್ರಗ್ಸ್ ಮಾರಬಾರದು, ಶಾಲೆಯ ಹತ್ತಿರ ಗಲಾಟೆ ಮಾಡಬಾರದು, ಹೀಗೆ. ಉದ್ದೇಶ ಒಳ್ಳೆಯದೇ. ಆದರೆ ಕೇಳಿದ ಲಕ್ಷಾಂತರ ಹುಡುಗರಿಗೆ ತಲುಪಿದ್ದು ಹಚ್ಚೆ ಮತ್ತು ಗತ್ತು. ಇದರಲ್ಲಿ ಅವನ ಪಾಲೂ ಇದೆ. ಕೊನೆಯ ವರ್ಷದ ಹಾಡುಗಳಲ್ಲಿ ಗತ್ತನ್ನೇ ಮುಂದೆ ಮಾಡಿದ್ದು ಅವನೇ.

ಅಮೆರಿಕದ ಉಪಾಧ್ಯಕ್ಷನೇ ಅವನ ವಿರುದ್ಧ ಮಾತಾಡಿದ್ದು ಯಾಕೆ?

1992ರಲ್ಲಿ ಟೆಕ್ಸಸ್ ರಾಜ್ಯದಲ್ಲಿ ಯುವಕನೊಬ್ಬ ಹೆದ್ದಾರಿ ಪೊಲೀಸನನ್ನು ಗುಂಡಿಟ್ಟು ಕೊಂದ. ಆಗ ಟುಪಾಕ್‌ನ ಮೊದಲ ಆಲ್ಬಂ ಕೇಳುತ್ತಿದ್ದೆ ಎಂಬುದು ಅವನ ಕಡೆಯ ವಾದವಾಯಿತು. ಉಪಾಧ್ಯಕ್ಷ ಡ್ಯಾನ್ ಕ್ವೇಲ್, ಇಂಥ ಆಲ್ಬಂಗೆ ನಮ್ಮ ಸಮಾಜದಲ್ಲಿ ಜಾಗವಿಲ್ಲ ಎಂದ. ಚುನಾವಣೆಯ ಕಾಲ ಅದು. ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ, ಯುವಕನಿಗೆ ಮರಣದಂಡನೆಯಾಯಿತು.

ಪೊಲೀಸರಿಗೇ ಗುಂಡು ಹೊಡೆದ್ನಂತೆ. ಹೇಗೆ ಬಿಟ್ಟರು?

1993ರ ಅಕ್ಟೋಬರ್ ಕೊನೆಗೆ ಅಟ್ಲಾಂಟಾದಲ್ಲಿ ನಡೆದದ್ದು. ರಸ್ತೆಯಲ್ಲಿ ಜಗಳವಾಗಿ, ಇಬ್ಬರಿಗೆ ಗುಂಡು ತಗುಲಿತು, ಇಬ್ಬರೂ ಬದುಕಿದರು. ಅವರು ಡ್ಯೂಟಿಯಲ್ಲಿಲ್ಲದ, ಸಮವಸ್ತ್ರ ಹಾಕದ ಪೊಲೀಸರು. ತನಿಖೆ ಮಾಡಿದಾಗ ಪೊಲೀಸರ ಕಡೆಯ ಹೇಳಿಕೆ ನಿಲ್ಲಲಿಲ್ಲ, ಟುಪಾಕ್ ಮೇಲಿನ ಆರೋಪ ಕೈಬಿಟ್ಟರು.

ಆದರೆ ಇದನ್ನು ವೀರಗಾಥೆ ಮಾಡುವವರಿಗೆ ಇನ್ನೊಂದು ಘಟನೆಯನ್ನೂ ನೆನಪಿಸುತ್ತೇನೆ. 1992ರ ಆಗಸ್ಟ್‌ನಲ್ಲಿ ಮರಿನ್ ಸಿಟಿಯ ಹಬ್ಬವೊಂದರಲ್ಲಿ ಅವನ ಗುಂಪಿಗೂ ಇತರರಿಗೂ ಹೊಡೆದಾಟವಾಯಿತು. ಯಾರೋ ಹಾರಿಸಿದ ಗುಂಡು ತಗುಲಿ ಆರು ವರ್ಷದ ಹುಡುಗ ಸತ್ತ. ಗನ್ ಟುಪಾಕ್ ಹೆಸರಿನಲ್ಲಿ ನೋಂದಣಿಯಾಗಿತ್ತು. ಅವನ ಮೇಲೆ ಕ್ರಿಮಿನಲ್ ಕೇಸ್ ಆಗಲಿಲ್ಲ, ಆ ಕುಟುಂಬದ ದಾವೆ ಪರಿಹಾರದ ಹಣದಲ್ಲಿ ಮುಗಿಯಿತು. ಗನ್ ಸುತ್ತ ಕಟ್ಟಿದ ಗತ್ತಿಗೆ ಕೊನೆಗೆ ಬೆಲೆ ಕೊಟ್ಟವರು ಯಾರು ಎಂದು ಕೇಳಬೇಕಲ್ವಾ?

ರೇಪ್ ಕೇಸಲ್ಲಿ ಜೈಲಿಗೆ ಹೋಗಿದ್ದು ನಿಜನಾ? ಪಿತೂರಿ ಅಂತಾರಲ್ಲ ಫ್ಯಾನ್ಸ್?

ಇದಕ್ಕೆ ಸರಿಯಾಗಿ ಉತ್ತರಿಸಬೇಕು. 1993ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಹೋಟೆಲ್ ಕೋಣೆಯೊಂದರಲ್ಲಿ ಟುಪಾಕ್ ಮತ್ತು ಅವನ ಜೊತೆಗಿದ್ದವರು ತನ್ನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದರು ಎಂದು 19 ವರ್ಷದ ಯುವತಿ ದೂರು ಕೊಟ್ಟಳು. 1994ರ ಡಿಸೆಂಬರ್ 1ರಂದು ತೀರ್ಪು ಬಂತು. ಹೆಚ್ಚು ಗಂಭೀರವಾದ ಆರೋಪಗಳಿಂದಲೂ ಗನ್ ಆರೋಪದಿಂದಲೂ ಜ್ಯೂರಿ ಅವನನ್ನು ಬಿಟ್ಟಿತು. ಒಪ್ಪಿಗೆಯಿಲ್ಲದೆ ಬಲವಂತವಾಗಿ ಮೈಮುಟ್ಟಿದ ಲೈಂಗಿಕ ದೌರ್ಜನ್ಯದ ಅಪರಾಧ ಸಾಬೀತಾಯಿತು. 1995ರ ಫೆಬ್ರವರಿಯಲ್ಲಿ ಒಂದೂವರೆಯಿಂದ ನಾಲ್ಕೂವರೆ ವರ್ಷದ ಶಿಕ್ಷೆಯಾಯಿತು.

ತಾನು ಅತ್ಯಾಚಾರ ಮಾಡಿಲ್ಲ ಎಂದು ಅವನು ಕೊನೆಯವರೆಗೂ ಹೇಳಿದ. ಆದರೆ ಆಕೆಯನ್ನು ಆ ಗಂಡಸರ ನಡುವೆ ಬಿಟ್ಟು ಕಾಪಾಡದೇ ಹೋದೆ ಎಂಬ ಅರ್ಥದ ಮಾತನ್ನೂ ಆಡಿದ. ಪಿತೂರಿ ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಅವನ ಮನೆತನದ ಮೇಲೆ ಸರ್ಕಾರ ಕಣ್ಣಿಟ್ಟಿದ್ದು ನಿಜ. ಅದರಿಂದ ಆ ಯುವತಿ ಹೇಳಿದ್ದು ಸುಳ್ಳಾಗುವುದಿಲ್ಲ. ಹೆಣ್ಣಿನ ಗೌರವದ ಬಗ್ಗೆ 'ಕೀಪ್ ಯಾ ಹೆಡ್ ಅಪ್' ಹಾಡಿದ ವರ್ಷವೇ ಇದು ನಡೆದದ್ದು. ಹಾಡು ಒಳ್ಳೆಯದಾಗಿಯೇ ಉಳಿಯುತ್ತದೆ. ಆದರೆ ಅದನ್ನು ಅವನ ಪರವಾದ ಸಾಕ್ಷಿಯಾಗಿ ಬಳಸುವುದು ತಪ್ಪು. ಅವನ ಬಗ್ಗೆ ಬರೆಯುವಾಗ ಈ ಕೇಸನ್ನು ಒಂದು ಸಾಲಿನಲ್ಲಿ ದಾಟಿಸಿಬಿಡುವ ಅಭ್ಯಾಸ ನಿಲ್ಲಬೇಕು.

ಬಿಗ್ಗಿ ಜೊತೆ ಮೊದಲು ಸ್ನೇಹ ಇತ್ತಂತೆ, ಆಮೇಲೆ ಏನಾಯ್ತು?

ಹೌದು, ನ್ಯೂಯಾರ್ಕಿನ ರ‍್ಯಾಪರ್ ನಟೋರಿಯಸ್ ಬಿ.ಐ.ಜಿ. ಮೊದಲು ಗೆಳೆಯನೇ. 1994ರ ನವೆಂಬರ್ 30ರಂದು, ತೀರ್ಪಿನ ಹಿಂದಿನ ರಾತ್ರಿ, ಮ್ಯಾನ್‌ಹಟನ್‌ನ ಕ್ವಾಡ್ ಸ್ಟುಡಿಯೋದ ಲಾಬಿಯಲ್ಲಿ ಟುಪಾಕ್‌ಗೆ ಗುಂಡು ಹೊಡೆದು ದರೋಡೆ ಮಾಡಿದರು. ಮರುದಿನ ಬ್ಯಾಂಡೇಜ್ ಸುತ್ತಿಕೊಂಡು ಗಾಲಿಕುರ್ಚಿಯಲ್ಲಿ ಕೋರ್ಟಿಗೆ ಬಂದ. ಗುಂಡು ಹೊಡೆದ ಹೊತ್ತಿನಲ್ಲಿ ಬಿಗ್ಗಿಯೂ ಅವನ ಕಡೆಯವರೂ ಸ್ಟುಡಿಯೋದ ಅದೇ ಕಟ್ಟಡದ ಮೇಲಿನ ಮಹಡಿಯಲ್ಲಿದ್ದರು. ಅವರಿಗೆ ಮೊದಲೇ ಗೊತ್ತಿತ್ತು ಎಂದು ಟುಪಾಕ್ ನಂಬಿದ. ಬಿಗ್ಗಿ ಇಲ್ಲವೆಂದ. ಬಿಗ್ಗಿಗೆ ಗೊತ್ತಿತ್ತೆಂದು ಯಾವತ್ತೂ ಸಾಬೀತಾಗಲಿಲ್ಲ.

ಇಬ್ಬರ ಜಗಳವನ್ನು ಪತ್ರಿಕೆಗಳೂ ಕಂಪನಿಗಳೂ ಪೂರ್ವ ಕರಾವಳಿ, ಪಶ್ಚಿಮ ಕರಾವಳಿಯ ಯುದ್ಧವಾಗಿ ಬೆಳೆಸಿದವು. 1996ರಲ್ಲಿ ಟುಪಾಕ್ ಬಿಗ್ಗಿಯನ್ನು ಬೈಯುವ 'ಹಿಟ್ ಎಮ್ ಅಪ್' ಹಾಡನ್ನು ಬಿಡುಗಡೆ ಮಾಡಿ ಉಳಿದ ಸೇತುವೆಯನ್ನೂ ಸುಟ್ಟ. ಟುಪಾಕ್ ಸತ್ತ ಆರು ತಿಂಗಳಿಗೆ, 1997ರ ಮಾರ್ಚ್ 9ರಂದು, ಬಿಗ್ಗಿಯನ್ನೂ ಲಾಸ್ ಏಂಜಲಿಸ್‌ನಲ್ಲಿ ಕೊಂದರು. ಅವನಿಗೆ 24 ವರ್ಷ. ಇಬ್ಬರು ಮಕ್ಕಳಂಥವರು ಸತ್ತರು, ಮಾರಾಟ ಮಾತ್ರ ನಿಲ್ಲಲಿಲ್ಲ.

ಡೆತ್ ರೋ ಕಂಪನಿ ಸೇರಿದ್ದೇ ತಪ್ಪಾಯ್ತಾ?

ಜೈಲಿನಲ್ಲಿದ್ದಾಗಲೇ 'ಮಿ ಅಗೇನ್ಸ್ಟ್ ದ ವರ್ಲ್ಡ್' ಅಮೆರಿಕದ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಆದರೆ ಜಾಮೀನಿಗೆ ಹಣವಿರಲಿಲ್ಲ. 14 ಲಕ್ಷ ಡಾಲರ್ ಜಾಮೀನಿನ ವ್ಯವಸ್ಥೆ ಮಾಡಿ 1995ರ ಅಕ್ಟೋಬರ್‌ನಲ್ಲಿ ಬಿಡಿಸಿದ್ದು ಡೆತ್ ರೋ ಎಂಬ ರೆಕಾರ್ಡ್ ಕಂಪನಿಯ ಒಡೆಯ ಶುಗ್ ನೈಟ್. ಬದಲಿಗೆ ಅವನ ಕಂಪನಿಗೆ ಆಲ್ಬಂ ಮಾಡಿಕೊಡಬೇಕು. ನಾಲ್ಕೇ ತಿಂಗಳಲ್ಲಿ 27 ಹಾಡುಗಳ 'ಆಲ್ ಐಸ್ ಆನ್ ಮಿ' ಹೊರಬಂತು. ಅವನ ಅತಿ ದೊಡ್ಡ ಯಶಸ್ಸು ಅದು. ಆ ಕಂಪನಿಯ ಸುತ್ತ ಕಾಂಪ್ಟನ್‌ನ ಗ್ಯಾಂಗಿನವರು ಇದ್ದರು, ಅವರ ಶತ್ರುಗಳು ಇವನಿಗೂ ಶತ್ರುಗಳಾದರು. ಜೈಲಿನಲ್ಲಿ ಕೂತವನಿಗೆ ಬೇರೆ ಬಾಗಿಲು ತೆರೆದಿರಲಿಲ್ಲ. ಹಾಗಾಗಿ ಸುಲಭವಾಗಿ ತಪ್ಪು ಎನ್ನಲು ನನಗೆ ಮನಸ್ಸಾಗುವುದಿಲ್ಲ.

## ಸಾವು

ಕೊಂದವರು ಯಾರು? ಇನ್ನೂ ಗೊತ್ತಾಗಿಲ್ವಾ?

1996ರ ಸೆಪ್ಟೆಂಬರ್ 7, ಲಾಸ್ ವೇಗಸ್. ಎಂಜಿಎಂ ಗ್ರ್ಯಾಂಡ್ ಹೋಟೆಲಿನಲ್ಲಿ ಮೈಕ್ ಟೈಸನ್ ಬಾಕ್ಸಿಂಗ್ ಪಂದ್ಯ ಮುಗಿಯಿತು. ಲಾಬಿಯಲ್ಲಿ ಟುಪಾಕ್ ಮತ್ತು ಡೆತ್ ರೋ ಕಡೆಯವರು ಒರ್ಲಾಂಡೊ ಆ್ಯಂಡರ್ಸನ್ ಎಂಬವನನ್ನು ಹೊಡೆದರು. ಅವನು ಎದುರಾಳಿ ಗ್ಯಾಂಗಿನವನು. ಹೋಟೆಲಿನ ಕ್ಯಾಮೆರಾದಲ್ಲಿ ಇದು ದಾಖಲಾಗಿದೆ. ರಾತ್ರಿ 11 ಗಂಟೆ ದಾಟಿದ ಮೇಲೆ ಫ್ಲಮಿಂಗೊ ರಸ್ತೆ, ಕೋವಲ್ ಲೇನ್ ಕೂಡುವ ಸಿಗ್ನಲ್‌ನಲ್ಲಿ ಶುಗ್ ನೈಟ್ ಓಡಿಸುತ್ತಿದ್ದ ಕಪ್ಪು ಬಿಎಂಡಬ್ಲ್ಯು ನಿಂತಿತ್ತು. ಪಕ್ಕಕ್ಕೆ ಬಂದ ಬಿಳಿ ಕ್ಯಾಡಿಲಾಕ್‌ನಿಂದ ಗುಂಡು ಹಾರಿತು. ನಾಲ್ಕು ಗುಂಡು ಟುಪಾಕ್‌ಗೆ ತಗುಲಿದವು. ಆರು ದಿನದ ನಂತರ ಆಸ್ಪತ್ರೆಯಲ್ಲಿ ಸತ್ತ.

ಆ್ಯಂಡರ್ಸನ್ ತಾನಲ್ಲ ಎಂದ. 1998ರಲ್ಲಿ ಬೇರೆ ಜಗಳದಲ್ಲಿ ಅವನೂ ಸತ್ತ. 27 ವರ್ಷ ಯಾರ ಬಂಧನವೂ ಆಗಲಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆ್ಯಂಡರ್ಸನ್‌ನ ಮಾವ ಡ್ವೇನ್ 'ಕೀಫಿ ಡಿ' ಡೇವಿಸ್‌ನನ್ನು ಬಂಧಿಸಿ ಕೊಲೆ ಆರೋಪ ಹೊರಿಸಿದರು. ತಾನು ಆ ಕಾರಿನಲ್ಲಿದ್ದೆ ಎಂದು ಅವನೇ ಸಂದರ್ಶನಗಳಲ್ಲಿ, ಪುಸ್ತಕದಲ್ಲಿ ಹೇಳಿಕೊಂಡಿದ್ದ. ಕೋರ್ಟಿನಲ್ಲಿ ಮಾತ್ರ ತಪ್ಪಿತಸ್ಥನಲ್ಲ ಎಂದ. ಆರೋಪ ಬೇರೆ, ತೀರ್ಪು ಬೇರೆ. ಈ ವ್ಯತ್ಯಾಸ ಟುಪಾಕ್‌ನ ಅಮ್ಮನ ಮೊಕದ್ದಮೆ ಗೊತ್ತಿದ್ದವರಿಗೆ ಚೆನ್ನಾಗಿ ಗೊತ್ತು.

ಸತ್ತಿಲ್ಲ, ಕ್ಯೂಬಾದಲ್ಲಿದ್ದಾನೆ ಅಂತ ನಮ್ಮ ಹುಡುಗ್ರು ವಾದ ಮಾಡ್ತಾರೆ.

ಸತ್ತಿದ್ದಾನೆ. ದೇಹ ಸುಟ್ಟರು. ವದಂತಿ ಹುಟ್ಟಲು ಕಾರಣಗಳಿವೆ. ಸತ್ತು ಎರಡು ತಿಂಗಳೊಳಗೆ ಬಂದ ಆಲ್ಬಂನಲ್ಲಿ 'ಮಕವೆಲಿ' ಎಂಬ ಹೆಸರು ಬಳಸಿದ್ದ. ಇಟಲಿಯ ರಾಜಕೀಯ ಚಿಂತಕ ಮ್ಯಾಕಿಯಾವೆಲ್ಲಿ ಸುಳ್ಳು ಸಾವಿನ ನಾಟಕ ಆಡಿದ್ದ ಎಂಬ ಕಟ್ಟುಕಥೆ ಅದಕ್ಕೆ ಅಂಟಿಕೊಂಡಿತು. ಮುಟುಲು ಬಳಗದ ಅಸಾಟಾ ಶಕೂರ್ ಕ್ಯೂಬಾದಲ್ಲಿ ಆಶ್ರಯ ಪಡೆದಿದ್ದಳು, ಅಲ್ಲಿಂದ ಕ್ಯೂಬಾದ ಕಥೆ. ಹೊಸ ಹಾಡುಗಳು ಬರುತ್ತಲೇ ಇದ್ದವು. ಪ್ರೀತಿಸುವವರಿಗೆ ಅಷ್ಟು ಸಾಕಾಯಿತು.

## ಉಳಿದದ್ದು

ಸತ್ತ ಮೇಲೂ ಇಷ್ಟೊಂದು ಆಲ್ಬಂ ಹೇಗೆ ಬಂತು?

ಸ್ಟುಡಿಯೋದಲ್ಲಿ ಅವನ ವೇಗ ಎಲ್ಲರಿಗೂ ಗೊತ್ತಿದ್ದದ್ದೇ. ಬರೆದ, ಹಾಡಿದ, ಮುಂದಿನದಕ್ಕೆ ಹೋದ. ಹೀಗೆ ನೂರಾರು ಹಾಡು ಉಳಿದವು. 'ಚೇಂಜಸ್' 1992ರ ಸುಮಾರಿಗೆ ಹಾಡಿದ್ದು, ಜನಕ್ಕೆ ತಲುಪಿದ್ದು 1998ರಲ್ಲಿ. ಪೊಲೀಸ್ ಹಿಂಸೆ, ಡ್ರಗ್ಸ್, ಬಡತನದ ಬಗ್ಗೆ ಅಲ್ಲಿ ಹೇಳಿದ್ದು ಇನ್ನೂ ಹಳತಾಗಿಲ್ಲ. ಆದರೆ ಎಲ್ಲ ಆಲ್ಬಂ ಒಂದೇ ಮಟ್ಟದ್ದಲ್ಲ. 2004ರಲ್ಲಿ ರ‍್ಯಾಪರ್ ಎಮಿನೆಮ್ ಮಾಡಿದ 'ಲಾಯಲ್ ಟು ದ ಗೇಮ್' ಕೇಳಿದರೆ ದನಿ ಒಂದು ಕಡೆ, ಸಂಗೀತ ಇನ್ನೊಂದು ಕಡೆ ಹೋಗುತ್ತದೆ. ಹೊಸಬರು ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಬೇರೆ ರ‍್ಯಾಪರ್‌ಗಳ ಪದಜಾಣ್ಮೆ ಇವನಿಗಿಂತ ಚೆನ್ನಾಗಿದೆ. ಆದ್ರೂ ಯಾಕೆ ಇವನಿಗೆ ಇಷ್ಟು ದೊಡ್ಡ ಹೆಸರು?

ಪದದ ಚಮತ್ಕಾರದಲ್ಲಿ ಬಿಗ್ಗಿ, ನಾಸ್ ಮುಂದಿದ್ದಾರೆ, ಒಪ್ಪುತ್ತೇನೆ. ಟುಪಾಕ್‌ನ ಶಕ್ತಿ ದನಿಯಲ್ಲಿದೆ. ಒಂದೇ ಸಾಲನ್ನು ಎರಡು ಮೂರು ಸಲ ಹಾಡಿ ಒಂದರ ಮೇಲೊಂದು ಪೇರಿಸುತ್ತಿದ್ದ. ಹಾಗಾಗಿ ಅವನೊಬ್ಬನೇ ಗುಂಪಿನಂತೆ ಕೇಳಿಸುತ್ತಾನೆ. ಸ್ವರಗಳನ್ನು ಎಳೆದು, ಚರ್ಚಿನ ಬೋಧಕರಂತೆ ಒತ್ತಿ ಹೇಳುತ್ತಾನೆ. ನಟನ ತರಬೇತಿ ಇಲ್ಲಿ ಕೆಲಸ ಮಾಡಿದೆ. ಪದಗಳು ಸರಳ, ಹಾಗಾಗಿ ಇಂಗ್ಲಿಷ್ ಅಷ್ಟಾಗಿ ಬಾರದವರಿಗೂ ದುಃಖ ಯಾವುದು, ಸಿಟ್ಟು ಯಾವುದು ಗೊತ್ತಾಗುತ್ತದೆ. ಗಂಡಸೊಬ್ಬ ಹೆದರಿಕೆ, ಅಳು, ಸಾವಿನ ಯೋಚನೆಗಳನ್ನು ರ‍್ಯಾಪ್‌ನಲ್ಲಿ ಇಷ್ಟು ಬಿಚ್ಚಿ ಹೇಳಬಹುದು ಎಂದು ಲಕ್ಷಾಂತರ ಜನರಿಗೆ ತೋರಿಸಿದವನು ಅವನು.

ಮುಂದೆ ರ‍್ಯಾಪರ್ ಆದ ಕೆಂಡ್ರಿಕ್ ಲಮಾರ್ ಎಳೆಯ ಹುಡುಗನಾಗಿದ್ದಾಗ ಕಾಂಪ್ಟನ್‌ನಲ್ಲಿ 'ಕ್ಯಾಲಿಫೋರ್ನಿಯಾ ಲವ್' ಚಿತ್ರೀಕರಣ ನೋಡಿದ್ದ. 2015ರ ತನ್ನ ಆಲ್ಬಂನ ಕೊನೆಗೆ ಟುಪಾಕ್‌ನ 1994ರ ಸಂದರ್ಶನವನ್ನು ಜೋಡಿಸಿ ಅವನ ಜೊತೆ ಮಾತಾಡುವಂತೆ ಮಾಡಿದ. 2017ರಲ್ಲಿ ಟುಪಾಕ್ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದ. 2023ರಲ್ಲಿ ಓಕ್‌ಲ್ಯಾಂಡ್ ನಗರ ರಸ್ತೆಯ ಒಂದು ಭಾಗಕ್ಕೆ ಅವನ ಹೆಸರಿಟ್ಟಿತು. ಅದೇ ವರ್ಷ ಅವನ ಮತ್ತು ಅಫೇನಿಯ ಬದುಕಿನ ಬಗ್ಗೆ ಐದು ಕಂತಿನ ಸಾಕ್ಷ್ಯಚಿತ್ರ ಬಂತು. ನಿರ್ದೇಶಕ ಆಲನ್ ಹ್ಯೂಸ್. ಇವನನ್ನೇ ಟುಪಾಕ್ 1993ರಲ್ಲಿ ಹೊಡೆದು, ಆ ತಪ್ಪಿಗೆ ಜೈಲಿಗೂ ಹೋಗಿದ್ದ. ಪೆಟ್ಟು ತಿಂದವನೇ ಕೂತು ಅವನ ಕಥೆಯನ್ನು ಇಷ್ಟು ಕಾಳಜಿಯಿಂದ ಹೇಳಿದ್ದಾನೆ. ಟುಪಾಕ್ ಬಗ್ಗೆ ಒಂದೇ ಒಂದು ಸಾಕ್ಷ್ಯಚಿತ್ರ ನೋಡುವುದಾದರೆ ಇದನ್ನು ನೋಡಿ.

ಈಗ ಎಐನಲ್ಲಿ ಅವನ ದನಿ ಮಾಡ್ತಾರಲ್ಲ, ಅದು ಸರಿನಾ?

2012ರಲ್ಲಿ ಕೋಚೆಲ್ಲಾ ಸಂಗೀತೋತ್ಸವದ ವೇದಿಕೆಯಲ್ಲಿ ಬೆಳಕಿನಿಂದ ಮೂಡಿಸಿದ ಟುಪಾಕ್ ಆಕೃತಿ ಬಂದು ಹಾಡಿದಾಗ ಅಫೇನಿ ಬದುಕಿದ್ದಳು, ಅವಳ ಒಪ್ಪಿಗೆ ಇತ್ತು. 2024ರಲ್ಲಿ ರ‍್ಯಾಪರ್ ಡ್ರೇಕ್, ಕೆಂಡ್ರಿಕ್ ಜೊತೆಗಿನ ಜಗಳದಲ್ಲಿ ಎಐ ಮಾಡಿದ ಟುಪಾಕ್ ದನಿಯನ್ನು ಬಳಸಿದ. ಕೆಂಡ್ರಿಕ್‌ನನ್ನು ಕೆಣಕಲು ಅವನ ಗುರುವಿನಂಥವನ ಬಾಯನ್ನೇ ಎರವಲು ತಂದ ಹಾಗಾಯಿತು. ಟುಪಾಕ್ ಆಸ್ತಿಯ ಹಕ್ಕುದಾರರು ಲೀಗಲ್ ನೋಟಿಸ್ ಕೊಟ್ಟರು, ಡ್ರೇಕ್ ಹಾಡನ್ನು ತೆಗೆದ.

ನನ್ನ ಅಭಿಪ್ರಾಯ ಕೇಳಿದರೆ, ಒಪ್ಪಿಗೆ ಇದ್ದರೂ ಬೇಡ. ಸತ್ತ ಮೇಲೆ ಬಂದ ಆಲ್ಬಂಗಳಲ್ಲಿ ಸಂಗೀತ ಬದಲಿಸಿದರು, ಸಾಲು ಕತ್ತರಿಸಿದರು. ಆದರೂ ಮಾತು ಅವನದೇ ಆಗಿತ್ತು. ಎಐ ದನಿಯಲ್ಲಿ ಅವನು ಯಾವತ್ತೂ ಯೋಚಿಸದ ಮಾತನ್ನು ಅವನ ಬಾಯಿಗೆ ತುರುಕುತ್ತಾರೆ. ಅವನು ಹೇಳಿದ್ದಕ್ಕೆ, ಮಾಡಿದ್ದಕ್ಕೆ ಅವನನ್ನು ಹೊಗಳೋಣ, ಬೈಯೋಣ. ಹೇಳದೇ ಇದ್ದದ್ದನ್ನು ಅವನ ಲೆಕ್ಕಕ್ಕೆ ಬರೆಯುವ ಹಕ್ಕು ಯಾರಿಗೂ ಇಲ್ಲ, ಅದು ಎಷ್ಟೇ ದೊಡ್ಡ ಸ್ಟಾರ್ ಆಗಿರಲಿ.